ಹೊಲ ನಮ್ಮದು, ಕೆಳಗಿನ ಫರ್ಸಿ ಯಾರದು? ಹಳೇ ಸಾಹುಕಾರರ ಮೊಮ್ಮಗ ಸಹಿ ಕೇಳುತ್ತಿದ್ದಾನೆ

ಕಾಗಿಣಾ ದಂಡೆಯವ:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಹೊಲ ಚಿತ್ತಾಪುರ ತಾಲೂಕಿನಲ್ಲಿದೆ. 4 ಎಕರೆ 12 ಗುಂಟೆ. 1978ರಲ್ಲಿ ಅಪ್ಪ ಊರ ಸಾಹುಕಾರರಿಂದ ಖರೀದಿ ಮಾಡಿದ್ದು. ಮೂರು ಎಕರೆ ಮೇಲೆ ತೊಗರಿ ಬರುತ್ತದೆ. ಉಳಿದ ಮೂಲೆಯಲ್ಲಿ ಹಳೇ ಫರ್ಸಿ ಖಣಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಗಣಿ. ಈ ಕಡೆಯವರಿಗೆ ಹೇಳುವುದೇನೂ ಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಮೊಣಕಾಲುದ್ದ ಎರೆ ಮಣ್ಣು ತೆಗೆದರೆ ಸಾಕು, ಕೆಳಗೆ ಬೂದಿ ಬಣ್ಣದ ಕಲ್ಲು ಹಾಸು ಹಾಸಾಗಿ ಮಲಗಿರುತ್ತದೆ. ಹಾರಿ ಹಾಕಿ ಮೀಟಿದರೆ ಪದರ ಬಿಡುತ್ತದೆ. ಶಹಾಬಾದ್ ಕಲ್ಲು ಅಂತ ಊರೂರಿಗೆ ಹೋಗಿದ್ದು ಇದೇ.

1983ರಲ್ಲಿ ಆ ಸಾಹುಕಾರರ ಮಗನೇ ಗಣಿ ಇಲಾಖೆಯಿಂದ ಆ ಮೂಲೆಗೆ 20 ವರ್ಷದ ಲೀಸ್ ಮಾಡಿಸಿಕೊಂಡರು. ಅಪ್ಪ ಒಪ್ಪಿಗೆ ಬರೆದುಕೊಟ್ಟಿದ್ದರು. ವರ್ಷಕ್ಕೆ ಏನೋ ಸ್ವಲ್ಪ ಕೈಗೆ ಬರುತ್ತಿತ್ತು. ಆಮೇಲೆ ಟೈಲ್ಸ್ ಬಂತು, ಫರ್ಸಿ ಕೇಳುವವರು ಕಡಿಮೆಯಾದರು. 90ರ ದಶಕ ಮುಗಿಯುವ ಮೊದಲೇ ಕೆಲಸ ನಿಂತಿತು. ಹೋಗುವಾಗ ಯಾರೂ ಏನೂ ಹೇಳಲಿಲ್ಲ. ಗುಂಡಿ ಹಾಗೇ ಬಿಟ್ಟರು. ಒಡೆದ ಕಲ್ಲಿನ ಗುಡ್ಡೆಗಳನ್ನೂ ಬಿಟ್ಟರು. ಈಗ ಅದರ ಮೇಲೆ ಬಳ್ಳಾರಿ ಜಾಲಿ ಬೆಳೆದು ಎತ್ತು ಕೂಡ ಒಳಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಗುಂಡಿ ತುಂಬುತ್ತದೆ, ಹುಡುಗರು ಈಜಲು ಇಳಿಯುತ್ತಾರೆ. ನಮ್ಮವ್ವನಿಗೆ ಇಡೀ ಮಳೆಗಾಲ ಅದೇ ಚಿಂತೆ.

ಈಗ ತಕರಾರು ಎರಡು. ಮೊದಲನೆಯದು ಪಹಣಿ. 11ನೇ ಕಾಲಂನಲ್ಲಿ ಇವತ್ತಿಗೂ "ಕಲ್ಲುಗಣಿ ಗುತ್ತಿಗೆ" ಅಂತ ಇದೆ. ಬೆಳೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಅದಕ್ಕೇ ಬೆರಳಿಟ್ಟು ಕಾಗದ ವಾಪಸ್ ಕೊಟ್ಟರು.

ಎರಡನೆಯದು ಆ ಸಾಹುಕಾರರ ಮೊಮ್ಮಗ. ಹೈದರಾಬಾದಿನಲ್ಲಿರುತ್ತಾನೆ, ನಮ್ಮ ಅಪ್ಪನ ಖರೀದಿ ಪತ್ರದ ಜೆರಾಕ್ಸ್ ಹಿಡಿದುಕೊಂಡು ಕಾರಿನಲ್ಲಿ ಬಂದ. ಅದರಲ್ಲಿ ಒಂದು ಸಾಲು ಇದೆ, ನಿಜ: "ಸದರಿ ಜಮೀನಿನಲ್ಲಿರುವ ಫರ್ಸಿ ಕಲ್ಲಿನ ಹಕ್ಕು ಬರೆದುಕೊಟ್ಟವರಲ್ಲಿಯೇ ಉಳಿಯತಕ್ಕದ್ದು." ಅಪ್ಪ ಓದಿದವರಲ್ಲ, ಹೆಬ್ಬೆಟ್ಟು ಒತ್ತಿದ್ದಾರೆ. ಈ ಹುಡುಗ ಹೇಳುವುದು ಇಷ್ಟು: "ಕಾಕಾ, ಮೇಲಿನ ಮಣ್ಣು ನಿಮ್ಮದು, ಕೆಳಗಿನ ಕಲ್ಲು ನಮ್ಮದು. ಇದೊಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಡಿ, ಹೊಸ ಲೀಸ್ ಮಾಡಿಸುತ್ತೇನೆ." ಕಾಕಾ ಅಂತ ಬಾಯಿ ತುಂಬ ಕರೆಯುತ್ತಾನೆ, ಚಹಾ ಕುಡಿದ, ಅವ್ವನ ಕಾಲಿಗೂ ಬಿದ್ದ. ಆದರೂ ಸಹಿ ಹಾಕಲಿಲ್ಲ.

ನನ್ನ ತಂಗಿಯ ಮಗ ಅಮೆರಿಕದ ಓಹಾಯೋದಲ್ಲಿದ್ದಾನೆ. ಅವನು ಫೋನಿನಲ್ಲಿ ಹೇಳಿದ್ದು ಬೇರೆ: ಅಲ್ಲಿ 20 ವರ್ಷ ಯಾರೂ ಮುಟ್ಟದ ಖನಿಜದ ಹಕ್ಕು ಮೇಲಿನ ಜಮೀನಿನವನಿಗೆ ಬರುತ್ತದಂತೆ. ನಮ್ಮದೂ 20 ವರ್ಷ ದಾಟಿದೆ. ಇಲ್ಲಿಯೂ ಹಾಗೆ ಏನಾದರೂ ಇದೆಯಾ? ಅರ್ಜಿ ಯಾರಿಗೆ ಕೊಡಬೇಕು? ಇಲ್ಲ ಅಂದರೆ ಆ ಕಲ್ಲು ನಿಜವಾಗಿ ಯಾರದು?

---

ಖಣಿ ಲೆಕ್ಕದವ:

ಅಣ್ಣಾವರೇ, ಸಹಿ ಹಾಕದೇ ಇದ್ದದ್ದು ಒಳ್ಳೆಯದಾಯಿತು. ನಾನು ಶಹಾಬಾದ್ ಕಡೆ ಖಣಿಗಳಲ್ಲಿ ಪರ್ಮಿಟ್, ರಾಯಲ್ಟಿ ಲೆಕ್ಕ ಬರೆದುಕೊಂಡೇ ತಲೆ ಹಣ್ಣು ಮಾಡಿಕೊಂಡವನು. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಒಂದೇ ಪ್ರಶ್ನೆ ಆ ಹುಡುಗನಿಗೆ ಕೇಳಿ. ಕಲ್ಲು ಅವನದೇ ಆಗಿದ್ದರೆ ನಿಮ್ಮ ಸಹಿ ಯಾಕೆ ಬೇಕು? ಪಟ್ಟಾ ಜಮೀನಿನಲ್ಲಿ ಬೇರೆಯವರು ಕಲ್ಲಿನ ಲೀಸ್ ಕೇಳಿದರೆ ಇಲಾಖೆ ಪಟ್ಟಾದಾರರ, ಅಂದರೆ ಜಮೀನಿನ ಒಡೆಯರ, ಒಪ್ಪಿಗೆ ಪತ್ರ ಕೇಳುತ್ತದೆ. ಆ ಪತ್ರ ಇಲ್ಲದಿದ್ದರೆ ಅವನ ಅರ್ಜಿ ಮೇಜು ದಾಟುವುದಿಲ್ಲ. ಅಂದರೆ ಬೆಲೆ ಇರುವುದು ಅವನ ಜೆರಾಕ್ಸಿಗಲ್ಲ, ನಿಮ್ಮ ಸಹಿಗೆ.

ಇನ್ನು ಕಲ್ಲು ಯಾರದು ಅನ್ನುವುದು. ನಮ್ಮಲ್ಲಿ ಕರ್ನಾಟಕ ಭೂಕಂದಾಯ ಕಾಯ್ದೆ 1964 ಅಂತ ಇದೆಯಲ್ಲ, ಅದರ 70ನೇ ಕಲಂ ತೆಗೆದು ನೋಡಿ. ಗಣಿ ಮತ್ತು ಖನಿಜದ ಹಕ್ಕು ರಾಜ್ಯ ಸರ್ಕಾರದ್ದು ಅಂತ ಸೀದಾ ಬರೆದಿದೆ. ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ: ಮೊದಲಿನ ಯಾವುದಾದರೂ ಕಾನೂನಿನಲ್ಲೋ, ಸರ್ಕಾರವೇ ಕೊಟ್ಟ ಸನದಿನಲ್ಲೋ (ಹಕ್ಕು ಕೊಟ್ಟ ಪತ್ರ) ಬೇರೆ ರೀತಿ ಇದ್ದರೆ ಅದು ನಡೆಯುತ್ತದೆ. ನಮ್ಮದು ನಿಜಾಮರ ಸೀಮೆ. ಜಾಗೀರುಗಳು 1949ರಲ್ಲೇ ಹೋದವು, ಇನಾಮು ರದ್ದು ಮಾಡುವ ಹೈದರಾಬಾದ್ ಕಾಯ್ದೆ 1955ರ ಹೊತ್ತಿಗೆ ಬಂತು. ಸಾಹುಕಾರರ ಮನೆಯಲ್ಲಿ ನಿಜಾಮರ ಕಾಲದ ಉರ್ದು ಸನದು ಇದ್ದು, ಅದರಲ್ಲಿ ಕಲ್ಲು, ಖನಿಜ ಅಂತ ಹೆಸರು ಹಿಡಿದು ಕೊಟ್ಟಿದ್ದರೆ ಮಾತು ಬೇರೆ. ಅಂಥದ್ದೇನಾದರೂ ಇದ್ದಿದ್ದರೆ ಅವನು ಅದನ್ನೇ ತರುತ್ತಿದ್ದ, ನಿಮ್ಮ ಅಪ್ಪನ ಖರೀದಿ ಪತ್ರ ತರುತ್ತಿರಲಿಲ್ಲ.

ಇನ್ನೊಂದು ಸಂಗತಿ ನಿಮ್ಮ ಬರಹದಲ್ಲೇ ಇದೆ. 1983ರಲ್ಲಿ ಅವನ ಅಪ್ಪ ಲೀಸ್ ತೆಗೆದುಕೊಂಡಿದ್ದು ಯಾರಿಂದ? ಗಣಿ ಇಲಾಖೆಯಿಂದ. ರಾಯಲ್ಟಿ ಕಟ್ಟಿದ್ದು ಯಾರಿಗೆ? ಸರ್ಕಾರಕ್ಕೆ. ತನ್ನದೇ ಕಲ್ಲಿಗೆ ಯಾರಾದರೂ ಇನ್ನೊಬ್ಬರ ಹತ್ತಿರ ಹೋಗಿ ಬಾಡಿಗೆ ಕಟ್ಟುತ್ತಾರಾ? ಆ ಲೀಸ್ ಕಾಗದವೇ ನಿಮ್ಮ ಪರ ಸಾಕ್ಷಿ. ಅದರ ಪ್ರತಿ ನಿಮ್ಮ ಹತ್ತಿರ ಇಲ್ಲದಿದ್ದರೆ ಮೊದಲ ಕೆಲಸ ಅದು. ಕಲಬುರಗಿಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ. ಸರ್ವೆ ನಂಬರ್ ಹಾಕಿ ಲೀಸ್ ಕರಾರು, ಅದರ ನಕ್ಷೆ, ಕೊನೆಯ ಪರ್ಮಿಟ್ ಯಾವಾಗ ಕೊಟ್ಟರು, ಡೆಡ್ ರೆಂಟ್ ಬಾಕಿ ಎಷ್ಟು, ಲೀಸ್ ಬಿಟ್ಟುಕೊಟ್ಟಿದ್ದಾರೋ ರದ್ದಾಗಿದೆಯೋ, ಎಲ್ಲಾ ಕೇಳಿ. ಡೆಡ್ ರೆಂಟ್ ಅಂದರೆ ಕಲ್ಲು ತೆಗೆಯದಿದ್ದರೂ ಲೀಸ್ ಹಿಡಿದುಕೊಂಡಿದ್ದಕ್ಕೆ ಕಟ್ಟುವ ದುಡ್ಡು. ಕೆಲಸ ನಿಲ್ಲಿಸಿದವರು ಇದನ್ನು ಕಟ್ಟಿರುವುದು ಅಪರೂಪ. ಬಾಕಿ ಇದೆ ಅಂತ ಗೊತ್ತಾದರೆ ಹೊಸ ಲೀಸಿನ ಹುರುಪು ತಾನಾಗೇ ಇಳಿಯುತ್ತದೆ.

20 ವರ್ಷದ ಲೀಸ್ 2003ಕ್ಕೇ ಮುಗಿದಿದೆ, ನವೀಕರಣ ಆಗಿರದಿದ್ದರೆ. ಮುಗಿದ ಲೀಸ್ ಪಹಣಿಯಲ್ಲಿ ಯಾಕೆ ಉಳಿಯಿತು? ಹಾಕುವಾಗ ಹಾಕುತ್ತಾರೆ, ತೆಗೆಯಿರಿ ಅಂತ ಯಾರೂ ಅರ್ಜಿ ಕೊಡುವುದಿಲ್ಲ, ಅದಕ್ಕೆ. ಇಲಾಖೆಯಿಂದ "ಈ ಸರ್ವೆ ನಂಬರಿನಲ್ಲಿ ಚಾಲ್ತಿ ಲೀಸ್ ಇಲ್ಲ" ಅಂತ ಬರಹದಲ್ಲಿ ತೆಗೆದುಕೊಂಡು ತಹಶೀಲ್ದಾರರಿಗೆ ಅರ್ಜಿ ಹಾಕಿ, 11ನೇ ಕಾಲಂನಿಂದ ಕಮ್ಮಿ ಮಾಡಿಸಿ. ನನ್ನ ಪ್ರಕಾರ ನಿಮಗೆ ಕಲ್ಲಿಗಿಂತ ಇದೇ ಜಾಸ್ತಿ ಮುಖ್ಯ. ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ, ಬೆಳೆ ಸಾಲ ಮಾತ್ರ ಪ್ರತಿ ವರ್ಷ ತಪ್ಪುತ್ತದೆ.

ಒಂದು ಎಚ್ಚರಿಕೆ. "ಸರ್ಕಾರದ್ದೂ ಅಲ್ಲ, ಅವನದ್ದೂ ಅಲ್ಲ, ನನ್ನ ಹೊಲ" ಅಂತ ನೀವೇ ನಾಲ್ಕು ಆಳು ಹಚ್ಚಿ ಕಲ್ಲು ಎಬ್ಬಿಸಿ ಟ್ರ್ಯಾಕ್ಟರಿಗೆ ಹಾಕಬೇಡಿ. 1957ರ ಖನಿಜ ಕಾಯ್ದೆಯ 21ನೇ ಕಲಂ ಪ್ರಕಾರ ಲೀಸ್ ಇಲ್ಲದೆ ತೆಗೆದರೆ ಐದು ವರ್ಷದವರೆಗೆ ಜೈಲು ಇದೆ, ಹೆಕ್ಟೇರಿಗೆ 5 ಲಕ್ಷದವರೆಗೆ ದಂಡ ಇದೆ. ಟ್ರ್ಯಾಕ್ಟರೂ ಹೋಗುತ್ತದೆ.

---

ಕ್ಲೀವ್‌ಲ್ಯಾಂಡ್ ಕನ್ನಡಿಗ:

ನಾನು ಬೀದರ್‌ನವನು, ಸದ್ಯ ಓಹಾಯೋದಲ್ಲಿದ್ದೇನೆ. ನಿಮ್ಮ ತಂಗಿಯ ಮಗ ಹೇಳಿದ್ದು ಅರ್ಧ ಸರಿ.

ಇಲ್ಲಿ ಜಮೀನಿನ ಕೆಳಗಿನ ಎಣ್ಣೆ, ಗ್ಯಾಸ್ ಖಾಸಗಿಯವರ ಆಸ್ತಿ. ಜಮೀನು ಮಾರುವಾಗ "ಕೆಳಗಿನದು ನನಗೇ ಇರಲಿ" ಅಂತ ಬರೆದರೆ ಅದು ನಿಜಕ್ಕೂ ಉಳಿಯುತ್ತದೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೋಗುತ್ತದೆ. ನೂರು ವರ್ಷ ಆದ ಮೇಲೆ ಯಾರು ಎಲ್ಲಿದ್ದಾರೆ ಅಂತಲೇ ಗೊತ್ತಿರುವುದಿಲ್ಲ. ಆ ಗೋಜಲು ಬಿಡಿಸಲು 1989ರಲ್ಲಿ ಒಂದು ಕಾನೂನು ಮಾಡಿದರು, 2006ರಲ್ಲಿ ತಿದ್ದಿದರು. 20 ವರ್ಷ ಉತ್ಪಾದನೆ ಇಲ್ಲ, ರಿಜಿಸ್ಟರ್ ಆದ ವ್ಯವಹಾರ ಇಲ್ಲ, ಹಕ್ಕು ಉಳಿಸಿಕೊಳ್ಳುತ್ತೇವೆ ಅಂತ ಅರ್ಜಿಯೂ ಇಲ್ಲ ಅಂದರೆ ಮೇಲಿನ ಜಮೀನಿನವನು ಕೇಳಬಹುದು. ಆದರೆ ಸುಮ್ನೆ ಬರುವುದಿಲ್ಲ. ಹಕ್ಕುದಾರರಿಗೆ ನೋಟಿಸ್ ಕೊಡಬೇಕು, ಅವರು ಸಿಗದಿದ್ದರೆ ಪತ್ರಿಕೆಯಲ್ಲಿ ಹಾಕಿಸಬೇಕು. ಆಮೇಲೆ ಕೌಂಟಿ ಕಚೇರಿಯಲ್ಲಿ ಪ್ರಮಾಣಪತ್ರ ದಾಖಲಿಸಬೇಕು. ನೋಟಿಸ್ ಆದ 60 ದಿನದೊಳಗೆ ಎದುರಿನವರು "ನಮಗೆ ಬೇಕು" ಅಂತ ದಾಖಲೆ ಹಾಕಿದರೆ ಕಥೆ ಅಲ್ಲಿಗೇ ನಿಂತಿತು. ಹಳೇ ಕಾನೂನಿನಲ್ಲಿ ಹಕ್ಕು ತಾನಾಗೇ ಬಂದುಬಿಡುತ್ತದೆ ಅಂತ ಎಷ್ಟೋ ಜನ ನಂಬಿದ್ದರು. 2016ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹಾಗೇನಿಲ್ಲ ಅಂದಿತು. ಕಲ್ಲಿದ್ದಲಿಗಂತೂ ಈ ಕಾನೂನು ಅನ್ವಯಿಸುವುದೇ ಇಲ್ಲ.

ನಿಮ್ಮ ಸಾಹುಕಾರರ ಮೊಮ್ಮಗ ಇಲ್ಲಿದ್ದಿದ್ದರೆ ಅವನ ಆ ಒಂದು ಸಾಲಿಗೆ ದೊಡ್ಡ ಬೆಲೆ ಇರುತ್ತಿತ್ತು. ಚಿತ್ತಾಪುರದಲ್ಲಿ ಖನಿಜ ಸರ್ಕಾರದ್ದು ಅಂದ ಮೇಲೆ ಅವನಿಂದ ನಿಮಗೆ ವಾಪಸ್ ಬರಲು ಅವನ ಹತ್ತಿರ ಇರುವುದಾದರೂ ಏನು?

---

ಕಾಗಿಣಾ ದಂಡೆಯವ:

ಇಬ್ಬರಿಗೂ ಧನ್ಯವಾದ. ಲೆಕ್ಕದ ಕಾಕಾ, ನೀವು ಹೇಳಿದ ಡೆಡ್ ರೆಂಟ್ ವಿಷಯ ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಅರ್ಜಿ ಬರೆದೆ, ನಾಳೆ ರಿಜಿಸ್ಟರ್ ಪೋಸ್ಟಿಗೆ ಹಾಕುತ್ತೇನೆ.

ಆದರೆ ಒಂದು ಗೊಂದಲ. ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ. "ಸುಪ್ರೀಂ ಕೋರ್ಟ್ ತೀರ್ಪು, ಭೂಮಿಯ ಒಡೆಯನೇ ಖನಿಜದ ಒಡೆಯ, ಎಲ್ಲರಿಗೂ ಹಂಚಿ." ಗುಂಪಿನಲ್ಲಿ ಆಗಲೇ ಇಬ್ಬರು ಜೆಸಿಬಿ ಬಾಡಿಗೆ ಎಷ್ಟು ಅಂತ ಕೇಳುತ್ತಿದ್ದಾರೆ. ಇದು ಸುಳ್ಳಾ?

ಮತ್ತೆ ಇನ್ನೊಬ್ಬರು 12 ವರ್ಷ ಉಳುಮೆ ಮಾಡಿದರೆ ಎಲ್ಲಾ ನಮ್ಮದೇ ಆಗುತ್ತದೆ ಅಂತಾರೆ. ನಾವು 1978ರಿಂದ ಉಳುತ್ತಿದ್ದೇವೆ.

---

ಸೇಡಂ ವಕೀಲ:

ತೀರ್ಪು ಸುಳ್ಳಲ್ಲ. ಹಂಚಿದವರು ಕೊನೆಯ ಸಾಲು ಓದಿಲ್ಲ, ಅಷ್ಟೇ.

ಅದು 2013ರ ಜುಲೈನ ತೀರ್ಪು, ತ್ರೇಸಿಯಮ್ಮ ಜೇಕಬ್ ಪ್ರಕರಣ. ಕೇರಳದ ಮಲಬಾರ್ ಕಡೆ ಜೆನ್ಮಿ ಜಮೀನುಗಳಿವೆ, ಅಂದರೆ ತಲೆಮಾರಿನಿಂದ ಪೂರ್ಣ ಒಡೆತನ ಇದ್ದವು, ಅವುಗಳ ಒಡೆಯರು ಹಾಕಿದ ಮೊಕದ್ದಮೆ. ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಹೀಗೆ: ದೇಶದ ನೆಲದಡಿಯ ಖನಿಜವೆಲ್ಲ ಸರ್ಕಾರದ್ದು ಅಂತ ಸಾರಿ ಹೇಳುವ ಕಾನೂನು ಇಲ್ಲ. 1957ರ ಕಾಯ್ದೆ ಗಣಿಗಾರಿಕೆಯನ್ನು ನಿಯಂತ್ರಿಸುತ್ತದೆ, ಒಡೆತನ ಕಿತ್ತುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಖನಿಜ ಭೂಮಿಯ ಒಡೆತನದ ಹಿಂದೆಯೇ ಹೋಗುತ್ತದೆ, ಕಾನೂನುಬದ್ಧ ಕ್ರಮದಿಂದ ಅದನ್ನು ತಪ್ಪಿಸಿರದಿದ್ದರೆ. ಈ "ತಪ್ಪಿಸಿರದಿದ್ದರೆ" ಅನ್ನುವುದರಲ್ಲೇ ಎಲ್ಲಾ ಇದೆ. ಮಲಬಾರಿನ ಜೆನ್ಮಿಯ ಹಕ್ಕಿನ ಚರಿತ್ರೆ ಬೇರೆ, ರೈತ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ನಿಜಾಮರ ರಯತವಾರಿ ಪಟ್ಟೆಯ ಚರಿತ್ರೆ ಬೇರೆ. ನಮ್ಮ ಎದುರಿಗೆ 70ನೇ ಕಲಂ ಗೋಡೆಯ ಹಾಗೆ ನಿಂತಿದೆ. ಆ ಗೋಡೆ ಕೆಡವಲು ಯಾರಾದರೂ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬಹುದು, ನಾನು ಬೇಡ ಅನ್ನುವುದಿಲ್ಲ. ನಾಲ್ಕು ಎಕರೆ ತೊಗರಿ ನಂಬಿದವರು ಹೋಗುವ ದಾರಿ ಅಲ್ಲ. ಮತ್ತೆ, ಒಡೆಯ ಯಾರೇ ಆಗಿರಲಿ, ಲೀಸ್ ಇಲ್ಲದೆ ತೆಗೆಯುವಂತಿಲ್ಲ. ಜೆಸಿಬಿ ಬಾಡಿಗೆ ಕೇಳುವವರಿಗೆ ಇದನ್ನು ದಯವಿಟ್ಟು ಗುಂಪಿನಲ್ಲಿ ಹಾಕಿ. 2012ರ ದೀಪಕ್ ಕುಮಾರ್ ತೀರ್ಪು ಬಂದ ಮೇಲೆ ಐದು ಹೆಕ್ಟೇರಿಗಿಂತ ಚಿಕ್ಕ ಖಣಿಗೂ ಪರಿಸರ ಅನುಮತಿ ಬೇಕು.

12 ವರ್ಷದ ಮಾತು ಬಿಡಿ. ಅದು ಖಾಸಗಿಯವರ ನಡುವಿನ ಲೆಕ್ಕ. ಸರ್ಕಾರದ ಎದುರು 30 ವರ್ಷ. ಅದಕ್ಕಿಂತ ಮುಖ್ಯ, ಮೇಲೆ ತೊಗರಿ ಬಿತ್ತಿದ ಮಾತ್ರಕ್ಕೆ ಕೆಳಗಿನ ಕಲ್ಲು ನಿಮ್ಮ ಸ್ವಾಧೀನದಲ್ಲಿತ್ತು ಅಂತ ಆಗುವುದಿಲ್ಲ.

ಖರೀದಿ ಪತ್ರದ ಆ ಸಾಲಿಗೆ ಬರುತ್ತೇನೆ. ಸರ್ಕಾರದ ಎದುರು ಅದಕ್ಕೆ ಬಲ ಇಲ್ಲ. ತನ್ನದಲ್ಲದ್ದನ್ನು ಮಾರುವವನು ಉಳಿಸಿಕೊಳ್ಳಲಾರ. ಆದರೆ ನಿಮ್ಮಿಬ್ಬರ ನಡುವೆ ಅದನ್ನು ಹಿಡಿದು ದಾವೆ ಹಾಕುತ್ತೇನೆ ಅಂತ ಅವನು ಹೆದರಿಸಬಹುದು. ಅದಕ್ಕೆ ಜೆರಾಕ್ಸ್ ನಂಬಬೇಡಿ. ಉಪನೋಂದಣಿ ಕಚೇರಿಯಿಂದ ದೃಢೀಕೃತ ಪ್ರತಿ ತೆಗೆಸಿ, ಆ ಸಾಲು ಮೂಲದಲ್ಲಿ ಇದೆಯಾ, ಅಕ್ಷರ ಅಕ್ಷರಕ್ಕೂ ಇದೇ ಇದೆಯಾ ನೋಡಿ. ಇ.ಸಿ. (ಋಣಭಾರ ಪತ್ರ) ಕೂಡ ತೆಗೆಸಿ. ಕಂಪ್ಯೂಟರಿನಲ್ಲಿ 2004ರಿಂದ ಈಚಿನದು ಸಿಗುತ್ತದೆ, ಅದರ ಹಿಂದಿನದಕ್ಕೆ ಕೈಬರಹದ ಪುಸ್ತಕವೇ ಗತಿ, ಶುಲ್ಕ ಕಟ್ಟಿ ಹುಡುಕಿಸಬೇಕು. ಅವನು ತಂದ ಒಪ್ಪಿಗೆ ಪತ್ರವನ್ನು ಓದಿದ್ದೀರಾ? ಇಂಥ ಪತ್ರಗಳಲ್ಲಿ "ಕಲ್ಲಿನ ಹಕ್ಕು ಮೊದಲಿನಿಂದಲೂ ಇವರದೇ ಎಂದು ಒಪ್ಪಿರುತ್ತೇನೆ" ಅಂತ ನಡುವೆ ಎಲ್ಲೋ ತೂರಿಸಿರುತ್ತಾರೆ. 1978ರ ಸಾಲಿಗಿಂತ ಆ ಸಾಲು ನಿಮಗೆ ಜಾಸ್ತಿ ಅಪಾಯ.

---

ಗೋಗಿ ಪಕ್ಕದವ:

ನಾನು ಶಹಾಪುರ ತಾಲೂಕಿನವನು, ಯಾದಗಿರಿ ಜಿಲ್ಲೆ. ನಿಮ್ಮ ಕಡೆ ಫರ್ಸಿ, ನಮ್ಮ ಕಡೆ ಗೋಗಿಯಲ್ಲಿ ಯುರೇನಿಯಂ. ಅದೇ ಭೀಮಾ ತೀರದ ಸುಣ್ಣದ ಕಲ್ಲು, ಅದರ ಸೀಳಿನಲ್ಲಿ ಸಿಕ್ಕಿದ್ದು. ನಮ್ಮಲ್ಲಿ ಕಲ್ಲು ಯಾರದು ಅಂತ ಕೇಳುವ ಮಾತೇ ಇಲ್ಲ, ಅಣು ಖನಿಜ ಕೇಂದ್ರ ಸರ್ಕಾರದ ಕೈಯಲ್ಲಿ. ಜನ ಕೇಳಿದ್ದು ನೀರಿನ ಬಗ್ಗೆ, ಹೊಲದ ಬಗ್ಗೆ.

ಅದಕ್ಕೇ ಹೇಳುತ್ತೇನೆ, ನೀವು ಆ ಗುಂಡಿಯನ್ನು ಯಾಕೆ ಬಿಟ್ಟಿದ್ದೀರಿ? ಖನಿಜ ಯಾರದಾದರೂ ಇರಲಿ, ಹೊಲ ಕೆಡಿಸಿದ್ದಕ್ಕೆ ಪರಿಹಾರ ಕೇಳುವ ಹಕ್ಕು ಮೇಲಿನವರಿಗೆ ಇದೆ ಅಲ್ವಾ?

---

ಖಣಿ ಲೆಕ್ಕದವ:

ಇದೆ. 1957ರ ಕಾಯ್ದೆಯ 24ಎ ಕಲಂ. ಲೀಸ್‌ದಾರ ಒಳಗೆ ಬಂದು ಕೆಲಸ ಮಾಡಬಹುದು, ಆದರೆ ಮೇಲಿನ ಜಮೀನು ಅನುಭವಿಸುವವರಿಗೆ ಆದ ನಷ್ಟ, ಆಗಬಹುದಾದ ನಷ್ಟ ಎರಡಕ್ಕೂ ದುಡ್ಡು ಕೊಡಬೇಕು. ಗುಂಡಿ ಹಾಗೇ ಬಿಟ್ಟು ಹೋಗುವಂತೆಯೂ ಇಲ್ಲ. ನಿಮ್ಮ ಪ್ರಕರಣ ತುಂಬ ಹಳೆಯದು, ದುಡ್ಡು ವಸೂಲಾಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಆದರೆ ಮೊಮ್ಮಗ ತಾನೇ ವಾರಸುದಾರ ಅಂತ ಎದೆ ತಟ್ಟಿಕೊಂಡು ಬಂದಿದ್ದಾನಲ್ಲ? ವಾರಸುದಾರ ಆದರೆ ಗುಂಡಿಗೂ ವಾರಸುದಾರನೇ. ಇಲಾಖೆಗೆ ಬರೆಯುವ ಅರ್ಜಿಯಲ್ಲಿ ಗುಂಡಿಯ ಅಳತೆ, ನೀರಿನ ಆಳ, ಫೋಟೋ ಹಾಕಿ. ಅವನ ಹೆಸರು, ವಿಳಾಸವನ್ನೂ ಹಾಕಿ. ತಂತಿ ಬೇಲಿಯ ಖರ್ಚಾದರೂ ಕೇಳಿ.

ನಾಳೆ ಯಾವತ್ತಾದರೂ ಲೀಸ್ ಕೊಡಬೇಕು ಅನಿಸಿದರೆ, ಪಟ್ಟಾದಾರರು ನೀವು. ಅರ್ಜಿ ನಿಮ್ಮ ಹೆಸರಿನಲ್ಲೇ ಹಾಕಬಹುದು.

---

ಕಾಗಿಣಾ ದಂಡೆಯವ:

ಒಪ್ಪಿಗೆ ಪತ್ರ ಈಗ ತೆಗೆದು ಓದಿದೆ. ವಕೀಲರು ಹೇಳಿದ ಸಾಲು ಎರಡನೇ ಪುಟದಲ್ಲಿದೆ, ಸಣ್ಣ ಅಕ್ಷರದಲ್ಲಿ: "ಸದರಿ ಕಲ್ಲಿನ ಹಕ್ಕು ಪೂರ್ವದಿಂದಲೂ ಇವರ ಕುಟುಂಬದ್ದೇ ಇದ್ದು, ಇದಕ್ಕೆ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವ ತಕರಾರೂ ಇರುವುದಿಲ್ಲ."

ಹುಡುಗ ಶನಿವಾರ ಮತ್ತೆ ಬರುತ್ತೇನೆ ಅಂದಿದ್ದಾನೆ. ಬರಲಿ. ಗುಂಡಿ ಅಳೆಯಲು ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾಗಿತ್ತು.